ಕೂಗಿ ಹೇಳಿದ ಗೆರೆಗಳು

ಸೀರೆಗೆ ನಕ್ಷೆ ಬರೆಯುವ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ನನ್ನನ್ನು ಹುಡುಕಿಕೊಂಡು ದೊಡ್ಡಬಳ್ಳಾಪುರದ ಈ ಮನೆಗೆ ಬರುತ್ತಾರೆ. ಬಂದವರು ಕೇಳುವುದು ಎರಡೇ ಪ್ರಶ್ನೆ. ಎಷ್ಟು ವರ್ಷಕ್ಕೆ ಹೆಡ್ ಡಿಸೈನರ್ ಆದಿರಿ, ಆ ಪಟ್ಟೆ ಸೀರೆಯ ಅರ್ಥವೇನು. ಮೊದಲನೆಯದಕ್ಕೆ ಉತ್ತರ ಹೇಳಿದರೆ ನಿಮಗೆ ಉಪಯೋಗವಿಲ್ಲ. ಎರಡನೆಯದಕ್ಕೆ ಉತ್ತರ ನನಗೇ ಗೊತ್ತಿಲ್ಲ. ಆದರೆ ಆ ಸೀರೆ ಹೇಗೆ ಹುಟ್ಟಿತು ಎಂಬುದು ಗೊತ್ತು, ಅದನ್ನು ಬರೆದಿಡುತ್ತೇನೆ. ಓದಿ ಬೇಸರವಾದರೆ ಬೈದುಕೊಳ್ಳಿ, ಬೈಗುಳ ನನಗೆ ಹೊಸದಲ್ಲ.

ಮೊದಲ ಬೈಗುಳ ತಿಂದದ್ದು ನವಿಲಿನ ದೆಸೆಯಿಂದ. ಯಜಮಾನ ಗಂಗಾಧರಪ್ಪನವರ ಮಗ್ಗದ ಮನೆಗೆ ನಾನು ಸೇರಿದಾಗ ಇಪ್ಪತ್ತು ವಯಸ್ಸು. ಹನ್ನೆರಡು ಕೈಮಗ್ಗ, ಒಬ್ಬ ಮೇಸ್ತ್ರಿ, ನಕ್ಷೆ ಬರೆಯಲು ನಾನು. ಚೌಕಳಿ ಕಾಗದದ ಒಂದೊಂದು ಮನೆಗೂ ಬಣ್ಣ ತುಂಬಿ ಚಿತ್ರ ಮಾಡಬೇಕು. ಒಂದು ಮನೆಯೆಂದರೆ ಬಟ್ಟೆಯಲ್ಲಿ ಒಂದು ಎಳೆ. ಸೆರಗಿಗೆಂದು ಬಹಳ ಮುದ್ದಾದ ನವಿಲು ಬರೆದೆ. ಕಾಗದದಲ್ಲಿ ಮನೆಗಳು ಚೌಕವಾಗಿರುತ್ತವೆ, ಬಟ್ಟೆಯಲ್ಲಿ ಅಡ್ಡ ಎಳೆಗಳು ಉದ್ದ ಎಳೆಗಳಷ್ಟು ಒತ್ತಾಗಿ ಕೂರುವುದಿಲ್ಲ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ನೇಯ್ದು ಬಂದ ನವಿಲಿಗೆ ಕಾಲೂ ಕತ್ತೂ ಎಳೆದು ಉದ್ದ ಮಾಡಿದ ಹಾಗಿತ್ತು.

"ಏನಪ್ಪಾ ಕೆಂಪಣ್ಣ, ನವಿಲು ಕೇಳಿದ್ರೆ ಒಂಟೆ ಕೊಟ್ಟಿದ್ದೀಯಲ್ಲ?" ಎಂದರು ಯಜಮಾನರು. ಇಡೀ ಮಗ್ಗದ ಮನೆ ನಕ್ಕಿತು. ನಾನು ಲೆಕ್ಕ ಕಲಿಯುತ್ತೇನೆ ಎಂದೆ. "ಲೆಕ್ಕ ಮೇಸ್ತ್ರಿ ನೋಡ್ಕೊಳ್ತಾನೆ. ನೀನು ಚಂದ ಬರಿ, ಸಾಕು" ಎಂದು ಅವರು ಕಾಗದ ಸುತ್ತಿ ಕೊಟ್ಟರು. ಅಂದಿನಿಂದ ಹನ್ನೊಂದು ವರ್ಷ ನಾನು ಚಂದ ಬರೆದೆ. ನವಿಲು, ಮಾವಿನಕಾಯಿ, ಗಂಡಭೇರುಂಡ, ಬಳ್ಳಿ. ನಕ್ಷೆ ಮೇಸ್ತ್ರಿಯ ಕೈಗೆ ಹೋದಮೇಲೆ ಅದು ಹೇಗೆ ನೂಲಾಗುತ್ತದೆ ಎಂದು ತಿರುಗಿ ನೋಡಲಿಲ್ಲ. ನಕ್ಷೆಯವನು ಮೇಜಿನ ಮುಂದೆ ಕೂರುವವನು, ಬಿಸಿಲಲ್ಲಿ ನಿಂತು ನೂಲಿನ ಹಾಸು ಹೂಡುವುದು ಹೆಂಗಸರ ಕೆಲಸ ಎಂಬ ಜಂಬವೂ ಇತ್ತು. ನೀವು ಹಾಗೆ ಮಾಡಬೇಡಿ ಎಂದು ಹೇಳಲಿಕ್ಕೇ ಇದನ್ನು ಬರೆದೆ.

ಆಮೇಲೆ ಯುದ್ಧ ಬಂತು. ಯುದ್ಧ ನಡೆದದ್ದು ಎಲ್ಲೋ, ಬಣ್ಣ ನಿಂತದ್ದು ನಮ್ಮಲ್ಲಿ. ಪರದೇಶದಿಂದ ಡಬ್ಬಿಗಳಲ್ಲಿ ಬರುತ್ತಿದ್ದ ನೂರೆಂಟು ಬಣ್ಣ ಒಂದೊಂದಾಗಿ ಮುಗಿದುಹೋಯಿತು. ರೇಷ್ಮೆಯನ್ನು ಸರ್ಕಾರ ವಿಮಾನದಿಂದ ಜಿಗಿಯುವ ಸಿಪಾಯಿಗಳ ಗಾಳಿಕೊಡೆಗೆ ಎಳೆದುಕೊಂಡಿತು. ನಮಗೆ ಉಳಿದದ್ದು ಹತ್ತಿ ನೂಲು, ಅದೂ ಅಳತೆಯ ಮೇಲೆ. ಬಣ್ಣಗಾರರು ತಮ್ಮ ಅಜ್ಜಂದಿರ ವಿದ್ಯೆ ನೆನಪು ಮಾಡಿಕೊಂಡು ಮಂಜಿಷ್ಠದ ಬೇರಿನಿಂದ ಕೆಂಪು, ಹಲಸಿನ ಚೆಕ್ಕೆಯಿಂದ ಹಳದಿ, ತುಕ್ಕು ಕಬ್ಬಿಣ ಬೆಲ್ಲದ ನೀರಿನಿಂದ ಕಪ್ಪು ತೆಗೆದುಕೊಟ್ಟರು. ಮೂರು ಬಣ್ಣದಲ್ಲಿ ನವಿಲು ಹೇಗೆ ಬರೆಯಲಿ ಎಂದು ನಾನು ಗೊಣಗುತ್ತಿದ್ದೆ. ಗೊಣಗುವಾಗಲೇ ಕೆಮ್ಮು ಶುರುವಾಯಿತು.

ಕೆಮ್ಮಿನಲ್ಲಿ ರಕ್ತ ಬಂದ ದಿನ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಕಫ ಪರೀಕ್ಷೆ ಮಾಡಿ, "ಕ್ಷಯ" ಎಂದರು. ಆಗಿನ್ನೂ ಅದಕ್ಕೆ ಮಾತ್ರೆ ಇರಲಿಲ್ಲ. ಮಲಗಬೇಕು, ಹಾಲು ಮೊಟ್ಟೆ ತಿನ್ನಬೇಕು, ಗಾಳಿ ಬರುವ ಕಡೆ ಒಬ್ಬನೇ ಇರಬೇಕು, ಅಷ್ಟೇ ಔಷಧ. ಊರಿನ ಅಂಚಿನ ಹುಣಸೆ ತೋಪಿನಲ್ಲಿ ನನಗೊಂದು ಗುಡಿಸಲು ಹಾಕಿದರು. ಹೆಸರಾದ ನಲ್ಲೂರಿನ ತೋಪಿನಷ್ಟು ಹಳೆಯದಲ್ಲ, ಆದರೂ ನೆರಳು ಚೆನ್ನಾಗಿತ್ತು. ಅಕ್ಕ ದಿನಕ್ಕೆ ಎರಡು ಸಲ ಊಟ ತಂದು ಗುಡಿಸಲಿನ ಮುಂದಿನ ಕಲ್ಲಿನ ಮೇಲಿಟ್ಟು, ಹಿಂದೆ ಸರಿದು ನಿಂತು, ನಾನು ಉಣ್ಣುವುದನ್ನು ನೋಡಿ ಹೋಗುತ್ತಿದ್ದಳು. ನನಗೆ ನಿಶ್ಚಯವಾಗಿದ್ದ ಹೆಣ್ಣಿನ ಮನೆಯವರು ತಾಂಬೂಲ ವಾಪಸ್ಸು ಕಳಿಸಿದರು. ಅದಕ್ಕೆ ನಾನು ಅವರನ್ನು ಬೈಯಲಿಲ್ಲ.

ಬೈದದ್ದು ಯಜಮಾನರನ್ನು. ನಾನು ತೋಪಿಗೆ ಹೋದ ವಾರವೇ ಅವರು ನನ್ನ ಹನ್ನೊಂದು ವರ್ಷದ ನಕ್ಷೆಗಳನ್ನೆಲ್ಲ ಮಗ್ಗದ ಮನೆಯ ಮುಂದೆ ರಾಶಿ ಹಾಕಿ ಸುಟ್ಟರು. ರೋಗಿಯ ಕೈ ಮುಟ್ಟಿದ ಕಾಗದ ಮನೆಯೊಳಗಿರಬಾರದು ಎಂದು ನೇಕಾರರು ಹೇಳಿದರಂತೆ. ಅಕ್ಕ ಈ ಸುದ್ದಿ ಹೇಳಿ, "ಹೋಗ್ಲಿ ಬಿಡು, ಕಾಗ್ದ ತಾನೆ" ಎಂದಳು. ನನ್ನನ್ನೇ ಸುಟ್ಟು ಕೈತೊಳೆದುಕೊಂಡು ಬಂದ ಹಾಗೆ ಅನ್ನಿಸಿತು. ನಾನಿನ್ನೂ ಉಸಿರಾಡುತ್ತಿದ್ದೆ, ಊರು ನನ್ನ ಲೆಕ್ಕ ಮುಗಿಸಿಬಿಟ್ಟಿತ್ತು. ಆ ಸಂಜೆ ಜ್ವರದಲ್ಲಿ ನಡುಗುತ್ತಾ ತೀರ್ಮಾನಿಸಿದೆ: ಸಾಯುವುದಾದರೆ ನಕ್ಷೆಯವನಾಗಿಯೇ ಸಾಯುತ್ತೇನೆ, ಗುಡಿಸಲಿನ ರೋಗಿಯಾಗಿ ಅಲ್ಲ.

ಆದರೆ ನಾನು ಮುಟ್ಟಿದ ಕಾಗದ ಯಾರೂ ಮುಟ್ಟುವುದಿಲ್ಲವಲ್ಲ, ನಕ್ಷೆ ಕೊಡುವುದು ಹೇಗೆ?

ದಾರಿ ಎದುರಿಗೇ ಇತ್ತು. ಅದೇ ತೋಪಿನಲ್ಲಿ ಬೆಳಿಗ್ಗೆ ಗಾಳಿ ಏಳುವ ಮೊದಲು ನೇಕಾರರ ಹೆಂಗಸರು ಹಾಸು ಹೂಡಲು ಬರುತ್ತಿದ್ದರು. ಸೀರೆಯ ಉದ್ದಕ್ಕೆ ಹೋಗುವ ಎಳೆಗಳಿಗೆ ಹಾಸು ಎನ್ನುತ್ತಾರೆ. ನೆಲಕ್ಕೆ ಸಾಲಾಗಿ ಗೂಟ ಹೊಡೆದು, ಕೈಯಲ್ಲಿ ನೂಲಿನ ಉಂಡೆ ಹಿಡಿದು, ಈ ತುದಿಯಿಂದ ಆ ತುದಿಗೆ ನಡೆದು ನಡೆದು ಎಳೆ ಹಾಕುವುದೇ ಹೂಡುವುದು. ಯಜಮಾನರ ಹಾಸುಗಳನ್ನು ಹೂಡುತ್ತಿದ್ದವಳು ಪುಟ್ಟತಾಯಮ್ಮ. ಐವತ್ತು ದಾಟಿದ ವಿಧವೆ, ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲು. ಒಂದು ಬೆಳಿಗ್ಗೆ ನಾನು ಗುಡಿಸಲಿನ ಬಾಗಿಲಲ್ಲಿ ಕೂತು ಕೂಗಿದೆ.

"ಪುಟ್ಟತಾಯಮ್ಮ, ಒಂದು ನಕ್ಷೆ ಇದೆ. ಬಾಯಲ್ಲಿ ಹೇಳ್ತೀನಿ, ಹೂಡ್ತೀಯಾ?"

ಅವಳು ನಿಂತಳು. "ನನ್ಮನೇಲಿ ಮೊಮ್ಮಕ್ಕಳವೆ ಕಣಪ್ಪ, ಹತ್ರ ಬರಾಕಿಲ್ಲ."

"ಬರಬೇಡ."

"ಕಿವಿ ಮಾತ್ರ ಕೊಡ್ತೀನಿ. ಹೇಳು."

ಬಾಯಲ್ಲಿ ಹೇಳಲು ಕೂತಾಗ ಗೊತ್ತಾಯಿತು, ನವಿಲನ್ನು ಕೂಗಿ ಹೇಳಲು ಬರುವುದಿಲ್ಲ. ಮಾವಿನಕಾಯಿ, ಬಳ್ಳಿ ಯಾವುದೂ ಮೂವತ್ತು ಅಡಿ ದೂರಕ್ಕೆ ದಾಟುವುದಿಲ್ಲ. ದಾಟುವುದು ಎರಡೇ: ಯಾವ ಬಣ್ಣ, ಎಷ್ಟು ಎಳೆ. ಹಾಗಾಗಿ ಗೆರೆ ಮಾತ್ರ ಉಳಿಯಿತು. "ಕಪ್ಪು ನಾಲ್ಕು. ಕೆಂಪು ಆರು. ಹಳದಿ ಎರಡು." ಅವಳು ನಡೆದು ಬಂದು, "ಕಪ್ಪು ನಾಲ್ಕು ಆಯ್ತು" ಎಂದು ತಿರುಗಿ ಕೂಗುತ್ತಿದ್ದಳು. ನನ್ನ ಉಸಿರು ಆಗ ಗಿಡ್ಡ. ಒಂದು ಉಸಿರಿಗೆ ಮೂರು ಬಣ್ಣ ಹೇಳಿದರೆ ಹೆಚ್ಚು, ಉಸಿರು ಮುಗಿದಲ್ಲಿ ಪಟ್ಟೆ ಮುಗಿಸುತ್ತಿದ್ದೆ. ಕೆಮ್ಮು ಬಂದರೆ ಕೈ ಎತ್ತುತ್ತಿದ್ದೆ, ಅವಳು ಅಲ್ಲಿ ಬಣ್ಣ ಹಾಕದ ಬಿಳಿ ನೂಲು ಹೂಡುತ್ತಿದ್ದಳು. ನನ್ನ ಎದೆಯ ಸ್ಥಿತಿಯೇ ಸೀರೆಯ ಅಳತೆಯಾಯಿತು. ಮೊದಲು ಒತ್ತಾದ ಸಣ್ಣ ಗೆರೆಗಳು, ಬರಬರುತ್ತಾ ಅಗಲ, ನಟ್ಟನಡುವೆ ಬರೀ ಕೆಂಪು, ಆಮೇಲೆ ಅದೇ ಕ್ರಮದಲ್ಲಿ ತಿರುಗಿ ಸಣ್ಣ ಗೆರೆಗಳು, ಎರಡೂ ಕಡೆ ಸಮನಾದ ಅಂಚು. ಹೀಗೆಂದು ಮನಸ್ಸಿನಲ್ಲಿ ಹಾಕಿಕೊಂಡಿದ್ದೆ.

ಕೆಂಪು ಬೇಡ ಎಂದಳು ಅಕ್ಕ. "ಬಾಯಲ್ಲಿ ಅದೇ ಬರ್ತೈತೆ, ಸೀರೇಲೂ ಅದೇ ಯಾಕೋ?" ನಾನು ಒಪ್ಪಲಿಲ್ಲ. ಕೆಂಪು ಎಂದರೆ ನನ್ನ ಕರವಸ್ತ್ರದ ರಕ್ತ ಎಂದಷ್ಟೇ ಆಗಲು ಬಿಡಬಾರದೆಂಬ ಸಿಟ್ಟಿತ್ತು. ಇರುವ ಮೂರು ಬಣ್ಣದಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟೆ.

ನಾಲ್ಕನೆಯ ದಿನ ನಡುವಿನ ಕೆಂಪು ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಕಿತ್ತುಕೊಂಡು ಬಂತು, ಈ ಸಲ ನಿಲ್ಲಲಿಲ್ಲ. ಹತ್ತು ದಿನ ಮಾತಾಡಬಾರದೆಂದು ಡಾಕ್ಟರು ಅಪ್ಪಣೆ ಮಾಡಿದರು. ಪುಟ್ಟತಾಯಮ್ಮ ಮರುದಿನ ಬೆಳಿಗ್ಗೆ ಕೂಗಿದ್ದು ಕೇಳಿಸಿತು: "ಅಗ್ಲ ತುಂಬ್ತು ಕಣಪ್ಪ, ನಿಲ್ಲಿಸ್ಲಾ?" ಇನ್ನೂ ಅರ್ಧ ನಕ್ಷೆ ಬಾಕಿಯಿದೆ, ಅಗಲ ಹೇಗೆ ತುಂಬಿತು ಎಂದು ಕೇಳಲು ಬಾಯಿ ತೆರೆದರೆ ರಕ್ತ ಬಂತು. ಉತ್ತರ ಬಾರದ್ದನ್ನು ಕಂಡು ಅವಳು ಹಾಸು ಸುತ್ತಿ ಮಗ್ಗಕ್ಕೆ ಕೊಟ್ಟಳು. ಹೊಸ ನಕ್ಷೆ ಕಾಗದವಿಲ್ಲದೆ ಎಲ್ಲಿಂದ ಬಂತೆಂದು ಮಗ್ಗದ ಮನೆಯಲ್ಲಿ ಯಾರೂ ಕೇಳಲಿಲ್ಲವಂತೆ. ಎಲ್ಲರಿಗಿಂತ ಹಿರಿಯ ನೇಕಾರ ಮಲ್ಲಯ್ಯ ಅದನ್ನು ನೇಯ್ದ. ಒಂದು ಹಾಸಿನಲ್ಲಿ ಆರು ಸೀರೆ.

ಮೂರು ವಾರದ ಮೇಲೆ, ನಕ್ಷೆ ಯಾರದೆಂದು ಕೇಳಿ ತಿಳಿದು, ಯಜಮಾನರೇ ತೋಪಿಗೆ ಬಂದರು. ಮೂಗಿಗೆ ಬಟ್ಟೆ ಹಿಡಿದು, ದೂರದಲ್ಲಿ ನಿಂತು, ಕಂಕುಳಲ್ಲಿದ್ದ ಒಂದು ಸೀರೆಯನ್ನು ಬಿಚ್ಚಿ ಮಣ್ಣಿನ ಮೇಲೆ ಎಸೆದರು.

"ಒಂದ್ಕಡೆ ಗೆರೆ ಗೆರೆ, ಇನ್ನೊಂದ್ಕಡೆ ಬೋಳು. ಅಂಚೇ ಇಲ್ಲ! ಅರ್ಧ ಸೀರೆ ಯಾವ ಮುತ್ತೈದೆ ಉಡ್ತಾಳೆ ಹೇಳು? ನಿನ್ನ ಹುಚ್ಚಿಗೆ ಆರು ಸೀರೆ ಹಾಳಾಯ್ತು."

ಅಲ್ಲೇ ಗೂಟ ಹೊಡೆಯುತ್ತಿದ್ದ ಪುಟ್ಟತಾಯಮ್ಮ ಮುಂದೆ ಬಂದಳು. "ನಾನೇ ಎಲ್ಲೋ ತಪ್ಪಿರ್ಬೇಕು ಯಜಮಾನ್ರೇ. ನನ್ನ ಬೈರಿ."

ಅವಳಿಗೆ ಕೆಲಸ ಹೋದರೆ ಮೊಮ್ಮಕ್ಕಳಿಗೆ ಗಂಜಿ ಇಲ್ಲ. ನಾನು ಗೋಡೆ ಹಿಡಿದು ಎದ್ದು ನಿಂತೆ. "ಅವಳದ್ದೇನೂ ಇಲ್ಲ. ನಾನು ಬೇಕೂಂತ್ಲೇ ಹಾಗೆ ಹೇಳಿದ್ದು" ಎಂದೆ. ಅಪ್ಪಟ ಸುಳ್ಳು. ಯಜಮಾನರು, "ಇನ್ಮೇಲೆ ನಿನ್ನ ಗಾಳಿ ನನ್ನ ಮಗ್ಗಕ್ಕೆ ಸೋಕ್ಬಾರ್ದು" ಎಂದು ಹೊರಟುಹೋದರು. ಸೀರೆ ಮಣ್ಣಿನಲ್ಲೇ ಬಿದ್ದಿತ್ತು.

ಆಗ ಅದನ್ನು ಸರಿಯಾಗಿ ನೋಡಿದೆ. ಗೆರೆಗಳು ನಾನು ಅಂದುಕೊಂಡಿದ್ದಕ್ಕಿಂತ ಎರಡು ಪಟ್ಟು ದಪ್ಪ. ಎಡ ಅಂಚಿನಲ್ಲಿ ಕಪ್ಪು, ಹಳದಿ, ಬಿಳಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿಸುತ್ತಿದ್ದವು. ಅಲ್ಲಿಂದ ಬಲಕ್ಕೆ ಹೋದಂತೆ ಒಂದೊಂದೇ ಬಿಡಿಸಿಕೊಂಡು, ಕೊನೆಗೆ ಯಾವ ಅಂಚೂ ಇಲ್ಲದೆ ಬರೀ ಕೆಂಪಾಗಿ ಮುಗಿಯುತ್ತಿತ್ತು. ನಾನು ಬರೆದ ಯಾವ ನವಿಲೂ ನನ್ನನ್ನು ಹಾಗೆ ನಿಲ್ಲಿಸಿಕೊಂಡು ನೋಡಿಸಿರಲಿಲ್ಲ. ನನ್ನ ಎದೆಯೊಳಗೆ ಏನು ನಡೆಯುತ್ತಿತ್ತೋ ಅದು ಅಲ್ಲಿ ಹರಡಿಕೊಂಡಿತ್ತು, ನಾನು ಬದುಕಿದರೆ ಹೇಗಿರುತ್ತದೆ ಎಂಬುದೂ ಅದರಲ್ಲೇ ಇತ್ತು. ಖುಷಿಯಾಯಿತು. ತಪ್ಪಿನಿಂದ ಆದದ್ದು ಎಂಬ ನಾಚಿಕೆಯೂ ಆಯಿತು.

"ಪುಟ್ಟತಾಯಮ್ಮ, ನಿಜ ಹೇಳು. ನಾಲ್ಕು ಅಂದ್ರೆ ಎಷ್ಟು ಹೂಡಿದೆ?"

"ನಾಲ್ಕು ನಡೆ."

"ನಡೆಗೆ ಎಷ್ಟು ಎಳೆ?"

"ಎರಡು. ಎರಡು ಉಂಡೆ ಹಿಡ್ಕೊಂಡೇ ಅಲ್ವಾ ಓಡಾಡೋದು? ಎಲ್ರೂ ಹಂಗೇ ಹೂಡೋದು, ನಮ್ಮವ್ವನ ಕಾಲದಿಂದ. ಅಷ್ಟೂ ಗೊತ್ತಿಲ್ವಾ ನಕ್ಷೆಯೋರ್ಗೆ?"

ಗೊತ್ತಿರಲಿಲ್ಲ. ನಾನು ಎಳೆ ಎಣಿಸಿದ್ದೆ, ಅವಳು ನಡೆ ಎಣಿಸಿದ್ದಳು. ಹನ್ನೊಂದು ವರ್ಷ ಸೀರೆಯ ನಕ್ಷೆ ಬರೆದವನಿಗೆ ಸೀರೆಯ ಮೊದಲ ಕೆಲಸ ಹೇಗೆ ನಡೆಯುತ್ತದೆಂದು ಗೊತ್ತಿರಲಿಲ್ಲ. ನಾನು ತಲೆ ತಗ್ಗಿಸಿದ್ದನ್ನು ನೋಡಿ ಅವಳು ಜೋರಾಗಿ ನಕ್ಕಳು. ಆಮೇಲೆ ಮಣ್ಣಿನಲ್ಲಿದ್ದ ಸೀರೆಯನ್ನು ಎತ್ತಿ ಕೊಡವಿ, ಮಡಚಿ, ತಲೆಯ ಮೇಲಿಟ್ಟುಕೊಂಡು ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಅದನ್ನೇ ಉಟ್ಟುಕೊಂಡು ಬಂದಳು. ಗೆರೆಗಳ ಕಡೆ ಕಾಲಿಗೆ, ಕೆಂಪಿನ ಕಡೆ ಹೆಗಲಿಗೆ. ಗಂಡ ಸತ್ತ ದಿನದಿಂದ ಇಪ್ಪತ್ತು ವರ್ಷ ಬಿಳಿ ಬಿಟ್ಟು ಬೇರೆ ಉಡದ ಹೆಂಗಸು. ಉಳಿದ ಹೆಂಗಸರು ಗೂಟ ಹೊಡೆಯುವುದನ್ನು ಮರೆತು ನಿಂತರು. ಅವಳು ನನ್ನ ಕಡೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನಾನು ಕೆಂಪು ಉಡ್ಬಾರ್ದಂತೆ, ನೀನು ಕೆಲ್ಸ ಮಾಡ್ಬಾರ್ದಂತೆ. ಇಬ್ರೂ ಹೇಳಿದ್ಮಾತು ಕೇಳೋ ಜನ ಅಲ್ಲ ಬಿಡು."

ಊರಿನಲ್ಲಿ ಅವಳನ್ನು ಬೈದವರು ಬೈದರು. ಆದರೆ ಬೈಯಲು ನಿಂತವರೂ ಸೀರೆಯನ್ನು ನೋಡದೆ ಇರಲಿಲ್ಲ. ನಡೆಯುವಾಗ ಗೆರೆಗಳು ಕಾಲಿನ ಬಳಿ ಓಡುತ್ತಿದ್ದವು, ಮೇಲೆ ಬಣ್ಣ ಸುಮ್ಮನಿರುತ್ತಿತ್ತು. ಹಾಸು ಹೂಡುವ ಹೆಂಗಸರೇ ಮೊದಲು ಕೇಳಿದರು. ಆಮೇಲೆ ಘಾಟಿಯ ದನದ ಜಾತ್ರೆಗೆ ಹೋಗುವವರು ಕೇಳಿದರು. ಉಳಿದ ಐದು ಸೀರೆ ಯಜಮಾನರ ಅಟ್ಟದಿಂದ ಇಳಿದು ಹೋದದ್ದು ನನಗೆ ಅಕ್ಕನಿಂದ ತಿಳಿಯಿತು. ಕೊನೆಗೆ ಬೆಂಗಳೂರು ಪೇಟೆಯ ಒಂದು ಅಂಗಡಿಯವರು ಅಂಥವೇ ಇನ್ನಷ್ಟು ಬೇಕೆಂದು ಹೇಳಿಕಳಿಸಿದರಂತೆ. ಯಜಮಾನರು ಮೇಸ್ತ್ರಿಯ ಕೈಯಲ್ಲಿ ಅದೇ ಥರದ್ದು ಹೂಡಿಸಿ ನೋಡಿದರು. ಮೇಸ್ತ್ರಿ ಲೆಕ್ಕದ ಮನುಷ್ಯ, ಎರಡೂ ಕಡೆ ಅಂಚು ಸರಿಮಾಡಿ, ಗೆರೆಗಳನ್ನೆಲ್ಲ ಒಂದೇ ಅಳತೆಗೆ ತಂದಿಟ್ಟ. ಅದು ಚಾಪೆಯ ಹಾಗೆ ಕಂಡಿತಂತೆ. ನಾನು ಮಲಗಿದ್ದಲ್ಲೇ ಬಹಳ ಹೊತ್ತು ನಕ್ಕೆ, ಡಾಕ್ಟರು ನಗಬಾರದೆಂದಿದ್ದರೂ.

ಡಾಕ್ಟರ ವಿಚಾರ ಬಂತು, ಅವರ ಒಂದು ಪ್ರಶ್ನೆಯನ್ನು ಇಲ್ಲೇ ಹೇಳಬೇಕು. ಎದೆ ನೋಡಲು ಬಂದಾಗ ಒಂದು ದಿನ, "ನಿಮ್ಮ ಮಗ್ಗದ ಮನೆಯಲ್ಲಿ ಲಾಳಿಗೆ ನೂಲು ಪೋಣಿಸುವುದು ಹೇಗೆ?" ಎಂದು ಕೇಳಿದರು. ಇದೇನು ಪ್ರಶ್ನೆ ಎಂದುಕೊಂಡು ಹೇಳಿದೆ. ಅಡ್ಡ ಎಳೆ ಹಾಕಲು ಆ ಕಡೆಯಿಂದ ಈ ಕಡೆಗೆ ಓಡುವ ಲಾಳಿಗೆ ಪಕ್ಕದಲ್ಲಿ ಸಣ್ಣ ಕಣ್ಣು ಇರುತ್ತದೆ. ಒಳಗಿನ ನೂಲು ಮುಗಿದಾಗಲೆಲ್ಲ ಹೊಸದನ್ನು ಇಟ್ಟು, ಆ ಕಣ್ಣಿಗೆ ತುಟಿ ಹಚ್ಚಿ ಒಂದು ಸಲ ಉಸಿರೆಳೆದರೆ ತುದಿ ಹೊರಗೆ ಬರುತ್ತದೆ. ದಿನಕ್ಕೆ ನೂರಾರು ಸಲ. ಲಾಳಿಗಳು ಯಾರೊಬ್ಬರದ್ದೂ ಅಲ್ಲ, ಕೈಗೆ ಸಿಕ್ಕಿದ್ದನ್ನು ತೆಗೆದುಕೊಳ್ಳುವುದು. ಹರಟೆಗೆ ಮಗ್ಗದ ಬಳಿ ಕೂತಾಗ ನಾನೂ ಎಷ್ಟೋ ಲಾಳಿಗೆ ಹಾಗೇ ಎಳೆದುಕೊಟ್ಟಿದ್ದೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಹನ್ನೆರಡು ಮಗ್ಗದವರೂ ಒಬ್ಬರ ಬಾಯಿ ಒಬ್ಬರು ಮುಟ್ಟುತ್ತಿದ್ದೀರಿ" ಎಂದರು.

ಅಂದರೆ ನನಗೆ ರೋಗ ಬಂದದ್ದು ಆ ಮನೆಯಿಂದಲೇ ಇರಬಹುದು. ನನ್ನ ಕಾಗದ ಸುಟ್ಟವರು ಲಾಳಿ ಸುಟ್ಟಿರಲಿಲ್ಲ. ಅದೇ ಲಾಳಿಗಳಿಗೆ ಆಗಲೂ ತುಟಿ ಹಚ್ಚುತ್ತಿದ್ದರು.

ನಾನು ಬದುಕಿದೆ. ಹಟದಿಂದ ಬದುಕಿದೆನೆಂದು ಜನ ಹೇಳುತ್ತಾರೆ, ಅದು ಸುಳ್ಳು. ನನಗಿಂತ ಹಟಮಾರಿಗಳು ಆ ರೋಗದಲ್ಲಿ ಸತ್ತದ್ದನ್ನು ನೋಡಿದ್ದೇನೆ. ನನಗೆ ಅಕ್ಕನ ಹಾಲು, ತೋಪಿನ ಗಾಳಿ ಮತ್ತು ಅದೃಷ್ಟ ಸೇರಿಬಂದವು. ಹದಿನಾಲ್ಕು ತಿಂಗಳಾದ ಮೇಲೆ ಡಾಕ್ಟರು ಮೂರು ಸಲ ಕಫ ಪರೀಕ್ಷಿಸಿ, ರೋಗದ ಕ್ರಿಮಿ ಇಲ್ಲವೆಂದು ಚೀಟಿ ಬರೆದುಕೊಟ್ಟರು.

ಯಜಮಾನರು ಅಕ್ಕನ ಮೂಲಕ ಹೇಳಿಕಳಿಸಿದರು: ನಕ್ಷೆ ಬೇಕು, ಆದರೆ ಕೆಂಪಣ್ಣ ತೋಪಿನಲ್ಲೇ ಇರಲಿ, ಅಲ್ಲಿಂದಲೇ ಕೂಗಿ ಹೇಳಲಿ. ಅಂಗಡಿಯವರಿಗೆ ಮೇಸ್ತ್ರಿಯ ನಕ್ಷೆ ಎಂದು ಹೇಳುತ್ತೇವೆ, ರೋಗಿಯದೆಂದು ಗೊತ್ತಾದರೆ ಯಾರೂ ಉಡುವುದಿಲ್ಲ. ಅಕ್ಕ ಇದನ್ನು ಒಳ್ಳೆಯ ಸುದ್ದಿ ಎಂದೇ ತಂದಿದ್ದಳು. ನಾನು ಕೊಡೆಯ ಕಡ್ಡಿಯೊಂದನ್ನು ಕಲ್ಲಿಗೆ ಉಜ್ಜಿ ಲಾಳಿಯ ಕಣ್ಣಿಗೆ ಹೋಗುವಷ್ಟು ಸಣ್ಣಗೆ ಮಾಡಿ, ತುದಿ ಬಗ್ಗಿಸಿ ಕೊಕ್ಕೆ ಮಾಡಿದೆ. ಬಿಸಿನೀರಿನಲ್ಲಿ ಕುದಿಸಿದೆ. ಒಗೆದ ಬಟ್ಟೆ ಹಾಕಿಕೊಂಡು, ಹಗಲು ಹನ್ನೊಂದು ಗಂಟೆಗೆ ಊರ ನಡುವೆ ನಡೆದು ಮಗ್ಗದ ಮನೆಗೆ ಹೋದೆ.

ಹೊಸ್ತಿಲು ದಾಟಿದ ಕೂಡಲೇ ಮಗ್ಗಗಳು ಒಂದೊಂದಾಗಿ ನಿಂತವು. ಯಜಮಾನರು ಗದ್ದಿಗೆಯಿಂದ ಎದ್ದರು. "ಒಳಗ್ಯಾಕ್ ಬಂದೆ? ಆಚೆ ನಿಂತು ಮಾತಾಡು."

"ಚೀಟಿ ಇದೆ, ಓದಿ."

ಅವರು ಕೈ ನೀಡಲಿಲ್ಲ. ನಾನೇ ಗಟ್ಟಿಯಾಗಿ ಓದಿದೆ. ಚೀಟಿಯನ್ನು ಮಡಚಿ ಜೇಬಿಗಿಟ್ಟೆ. ನಾನು ಹೇಳಿದೆ: "ನಕ್ಷೆ ಕೊಡ್ತೀನಿ. ಇಲ್ಲೇ ಕೂತು ಕೊಡ್ತೀನಿ, ನನ್ನ ಹೆಸರಲ್ಲೇ ಕೊಡ್ತೀನಿ. ಇನ್ನೊಂದು ಮಾತು. ಇವತ್ತಿನಿಂದ ಯಾರೂ ಲಾಳಿಗೆ ಬಾಯಿ ಹಚ್ಚಬಾರದು. ಹಚ್ಚೋ ಮಗ್ಗಕ್ಕೆ ನನ್ನ ಗೆರೆ ಒಂದೂ ಸಿಗಲ್ಲ."

"ಹೇಳೋಕೆ ನೀನ್ಯಾರೋ?" ಎಂದರು ಯಜಮಾನರು. "ನಮ್ಮ ಅಪ್ಪನ ಕಾಲದಿಂದ ಹಂಗೇ ಎಳ್ದಿದ್ದೀವಿ."

"ಎಳ್ದಿದ್ದಕ್ಕೆ ಏನಾಯ್ತು ಅಂತ ನನ್ನ ಎದೆ ನೋಡಿ. ಮೂಲೆ ಮಗ್ಗದ ಬಸಪ್ಪ ಹೆಂಗೆ ಸತ್ತ? ಅವನಿಗಿಂತ ಮುಂಚೆ ಅವನ ತಮ್ಮ? ಹೇಳಿ."

ಆ ಹೆಸರುಗಳನ್ನು ಹೇಳಬೇಕೆಂದು ನಾನು ಅಂದುಕೊಂಡಿರಲಿಲ್ಲ. ಬಸಪ್ಪನ ಮಗ್ಗದಲ್ಲಿ ಈಗ ಕೂತಿದ್ದವನು ಕೈಯಲ್ಲಿದ್ದ ಲಾಳಿಯನ್ನು ಮೆಲ್ಲಗೆ ಕೆಳಗಿಟ್ಟ. ಹಿತ್ತಿಲ ಬಾಗಿಲಲ್ಲಿ ಪುಟ್ಟತಾಯಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು, ಅದೇ ಕೆಂಪು ಸೀರೆಯಲ್ಲಿ.

ಕೊಕ್ಕೆ ಹಿಡಿದ ಕೈಯನ್ನು ನಾನು ಮಲ್ಲಯ್ಯನ ಮಗ್ಗದ ಕಡೆ ಚಾಚಿದೆ. ಅವನ ನೂಲು ಮುಗಿದಿತ್ತು, ಹೊಸದನ್ನು ಲಾಳಿಯಲ್ಲಿಟ್ಟು ಅಭ್ಯಾಸದಿಂದ ತುಟಿಯ ಹತ್ತಿರ ತಂದವನು ಹಾಗೇ ನಿಂತುಬಿಟ್ಟಿದ್ದ. ಅರವತ್ತು ವರ್ಷದ ಮನುಷ್ಯ. ನನ್ನ ಕೊಕ್ಕೆಯನ್ನು ನೋಡಿದ, ಯಜಮಾನರನ್ನು ನೋಡಿದ, ನನ್ನ ಮುಖ ನೋಡಿದ. ಅವನು ತೆಗೆದುಕೊಳ್ಳದಿದ್ದರೆ ಮತ್ತೆ ತೋಪಿಗೆ ಹೋಗುವುದೊಂದೇ ಉಳಿದದ್ದು ಎಂದು ನನಗೆ ಗೊತ್ತಿತ್ತು, ಅಲ್ಲಿದ್ದವರೆಲ್ಲರಿಗೂ ಗೊತ್ತಿತ್ತು.

"ನಿಧಾನ ಆಗ್ತದಲ್ಲೋ" ಎಂದ ಮಲ್ಲಯ್ಯ.

"ಆಗ್ಲಿ."

ಅವನು ಲಾಳಿಯನ್ನು ಬಾಯಿಂದ ಇಳಿಸಿ ಕೈ ಚಾಚಿ ಕೊಕ್ಕೆ ತೆಗೆದುಕೊಂಡ. ತೆಗೆದುಕೊಳ್ಳುವಾಗ ಅವನ ಒರಟು ಬೆರಳುಗಳು ನನ್ನ ಬೆರಳಿಗೆ ತಗುಲಿದವು. ಡಾಕ್ಟರನ್ನು ಬಿಟ್ಟರೆ ಹದಿನಾಲ್ಕು ತಿಂಗಳಲ್ಲಿ ಇನ್ನೊಬ್ಬ ಮನುಷ್ಯ ನನ್ನನ್ನು ಮುಟ್ಟಿದ್ದು ಅದೇ ಮೊದಲು. ಮೂರು ಸಲ ತಪ್ಪಿ, ನಾಲ್ಕನೇ ಸಲಕ್ಕೆ ಮಲ್ಲಯ್ಯ ನೂಲಿನ ತುದಿಯನ್ನು ಕೊಕ್ಕೆಯಿಂದ ಹೊರಗೆಳೆದ. ಅವನ ಮಗ್ಗ ಸದ್ದು ಮಾಡತೊಡಗಿತು. ನಾನು ಅಲ್ಲೇ ನೆಲದ ಮೇಲೆ ಕೂತೆ. ಎಲ್ಲರ ಎದುರಿಗೆ, ಯಾವ ನಾಚಿಕೆಯೂ ಇಲ್ಲದೆ, ಗಟ್ಟಿಯಾಗಿ ಅತ್ತೆ.